ಸೆಕೆಂಡಿಗೆ ಹದಿನಾಲ್ಕು

ಬ್ರಾಟಿಸ್ಲಾವಾದ ಗುಡ್ಡದ ಮೇಲೆ ಜನವರಿ, ರಾತ್ರಿ ಹತ್ತೂವರೆ.
ಹಗಲು ಲೇಸರ್ ನಮಗೆ ಸಿಗುವುದಿಲ್ಲ,
ಹಗಲು ಅದು ದೊಡ್ಡವರದು.
ಝೆಲ್ಮೀರಾ ಕೋಟು ಬಿಚ್ಚದೆಯೇ ಕೂತಿದ್ದಾಳೆ,
ಮೊಣಕಾಲಿಗೆ ಉಣ್ಣೆ ಸುತ್ತಿಕೊಂಡು.

ಗಾಜಿನ ಕೊಳವೆಯಲ್ಲಿ ಇಟಕೊನೇಟ್:
ಮೈಗೆ ಎರಡು ಷಟ್ಕೋನದ ಮೂಟೆ ಕಟ್ಟಿಕೊಂಡ ಅಣು.
ಆನೆ ನಡೆದದ್ದೇ ದಾರಿ ಅಂತಾರೆ.
ಈ ಆನೆಗೆ ಎಲ್ಲಿಯ ದಾರಿ?
ಮುಂದಿನದರ ಕೈ ಹಿಡಿಯಬೇಕೆಂದರೆ
ಮೂಟೆ ಓರೆ ಮಾಡಬೇಕು, ಹೊರಳಬೇಕು,
ಸಂದು ಸಿಗುವ ತನಕ ತಡವರಿಸಬೇಕು.

ಅಳೆಯುವ ಕ್ರಮ ಸುಲಭ, ಸ್ವಲ್ಪ ಕ್ರೂರ.
ಒಂದು ಮಿಂಚು: ಸರಪಳಿಗಳು ಹುಟ್ಟುತ್ತವೆ.
ಇನ್ನೊಂದು ಮಿಂಚು: ಈಗ ಹುಟ್ಟಿದವು
ಬೆಳೆದವನ್ನು ಮುಗಿಸುತ್ತವೆ.
ಸತ್ತದ್ದರ ಉದ್ದ ನೋಡು,
ನಡುವೆ ಸಿಕ್ಕ ಹೊತ್ತು ನೋಡು,
ಭಾಗಿಸು.

ವ್ರಾಟ್ಕೊ ಹೊಸಬ, ನೆಲಕ್ಕೆ ಕಾಲೂರದ ಹುಡುಗ.
ಸೆಕೆಂಡಿಗೆ ಹತ್ತು ಮಿಂಚು ಹೊಡೆದ.
ಬ್ಯುಟೈಲ್ ಅಕ್ರಿಲೇಟಿಗಾದರೆ ಹತ್ತೂ ಸಾಲದು,
ಲಕ್ಷ ಹೆಜ್ಜೆಯ ಪೋರ ಅದು, ಒಂದೇ ಸೆಕೆಂಡಿಗೆ.
ಇಲ್ಲಿ ನಕ್ಷೆಯ ಮೇಲೆ ದಿಬ್ಬವೇ ಏಳಲಿಲ್ಲ,
ಮೂಲೆಗೆ ಕಸ ಗುಡಿಸಿಟ್ಟ ಹಾಗೊಂದು ಗೆರೆ.
"ಇದು ಬೆಳೆಯುವುದೇ ಇಲ್ಲ," ಅಂದ.
"ಬೆಳೆಯಲು ಬಿಟ್ಟೆಯಾ?" ಅಂದಳು.

ಆಮೇಲೆ, ಗುಂಡಿ ತಿರುಗಿಸುತ್ತ, ಯಾರಿಗೂ ಅಲ್ಲದ ಹಾಗೆ,
ಟ್ರಾಮಿನ ಮಾತು ತೆಗೆದಳು:
ನಾನು ಹತ್ತುವಷ್ಟರಲ್ಲಿ ಬಾಗಿಲು ಕೂಗಿಕೊಳ್ಳುತ್ತದೆ.
ಒಬ್ಬ ಮಾತ್ರ, ಬುಧವಾರದವನು,
ಕನ್ನಡಿಯಲ್ಲಿ ನೋಡಿ ಗುಂಡಿಯಿಂದ ಕೈ ತೆಗೆಯುತ್ತಾನೆ.
ಮುಖ ನೋಡಿಲ್ಲ. ಮೊಣಕೈ ಗೊತ್ತು.

ಐದು ಸೆಕೆಂಡಿಗೊಂದು ಮಿಂಚು.
ಮಿಂಚು. ಹೀಟರಿನ ಗುರುಗುಟ್ಟು. ಮಿಂಚು.
ಥರ್ಮಾಸಿನ ಚಹಾ ಆರಿತು. ನಾನು ದಾಖಲೆ ಪುಸ್ತಕದಲ್ಲಿ
ಹೊತ್ತು ಬರೆದೆ, ಬೆರಳು ಸೆಟೆದಿದ್ದರಿಂದ ವಕ್ರವಾಗಿ.

ಮೂರನೆಯ ದಿನ ಗೆರೆ ಮೇಲೆದ್ದಿತ್ತು.
ಎಪ್ಪತ್ತರ ಹತ್ತಿರ ಒಂದು ದಿಬ್ಬ:
ಸೆಕೆಂಡಿಗೆ ಹದಿನಾಲ್ಕು ಹೆಜ್ಜೆ.
ವ್ರಾಟ್ಕೊ ಕುಣಿಯುವುದೊಂದು ಬಾಕಿ.
ಝೆಲ್ಮೀರಾ ಸುಮ್ಮನೆ ಬೆರಳು ಮುಂದೆ ಸರಿಸಿದಳು,
ನೂರನಲವತ್ತಕ್ಕೆ, ಅಲ್ಲೊಂದು ಮರಿದಿಬ್ಬ,
ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು.

ಎರಡನೆಯ ಮಿಂಚಿಗೂ ಸಾಯದೆ ಉಳಿದವು ಅವು.
ಕೂಡಲಿಕ್ಕೆ ಅಡ್ಡ ಬಂದ ಅದೇ ಮೂಟೆ
ಕೊಲ್ಲಲು ಬಂದದ್ದಕ್ಕೂ ಅಡ್ಡ ನಿಂತಿತ್ತು.
ಇನ್ನೊಂದು ಎಪ್ಪತ್ತು ನಡೆದು, ಮೂರನೆಯದಕ್ಕೆ ಬಿದ್ದವು.
ಸತ್ತವು ಕೊಟ್ಟದ್ದು ಬರೀ ಅಂಕಿ,
ಅದು ಸರಿಯೆಂಬ ಸಾಕ್ಷಿ ಈ ಉಳಿದವುಗಳದು.
ಮರಿದಿಬ್ಬ ಇಲ್ಲದಿದ್ದರೆ ನಮ್ಮ ಹದಿನಾಲ್ಕನ್ನು
ಯಾರೂ ನಂಬುವ ಹಾಗಿರಲಿಲ್ಲ, ನಾವೂ.

ಪೆನ್ಸಿಲಿನಲ್ಲೇ ಬರೆದೆವು, ಆಚೀಚೆ ಒಂದು ಬಿಟ್ಟು.

ಝೆಲ್ಮೀರಾ ಹೊರಟಳು. ಹಿಮ ಗಟ್ಟಿಯಾದ ಮೆಟ್ಟಿಲು,
ಕಂಬಿ ಹಿಡಿದು, ಒಂದಕ್ಕೆ ಎರಡೂ ಕಾಲು ಇಟ್ಟು.
ಕಿಟಕಿಯಲ್ಲಿ ನಿಂತ ವ್ರಾಟ್ಕೊ ಎಣಿಸಲು ಶುರುಮಾಡಿದ.
ಆರಕ್ಕೋ ಏಳಕ್ಕೋ ನಿಲ್ಲಿಸಿ
ಗಡಿಯಾರದ ಮೇಲೆ ತೋಳು ಎಳೆದುಕೊಂಡ.
ಅಂದು ಬುಧವಾರವೋ ಅಲ್ಲವೋ, ನೆನಪಿಲ್ಲ.