ಷರಾ: ಡೋರ್ ಲಾಕ್

ಕಲಾಸಿಪಾಳ್ಯದ ಗುಜರಿ ಓಣಿ. ಬೇರಿಂಗ್ ಅಂಗಡಿಗೂ
ಹಳೇ ಕಾರುಗಳ ಬಾಗಿಲ ರಾಶಿಗೂ ನಡುವೆ
ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ದಾರಿ.
ನನ್ನ ಪಟ್ಟಿಯಲ್ಲಿ ಅದು ರೋಕಪ್ಪನ ಗುಡಿ,
ಹನ್ನೊಂದು ತಿಂಗಳಿಂದ ಒಂದೇ ಷರಾ:
ಡೋರ್ ಲಾಕ್.

ಹಿಂದಿನ ಮೀಟರ್ ರೀಡರು ಹೊಟ್ಟೆಯವರು, ಪಾಪ.
ನಾನು ಸಣಕಲ. ನುಸುಳಿದೆ.
ಬಾಗಿಲು ಹಾರುಹೊಡೆದಿತ್ತು.

ಒಳಗೆ ಆರು ಬೆಂಚು, ಸುಣ್ಣದ ಗೋಡೆ,
ಗ್ರೀಸಿನ ವಾಸನೆಯೊಳಗೆ ಮೇಣದ ವಾಸನೆ.
ಹೂ ಕಟ್ಟುತ್ತಿದ್ದ ಚೌರಮ್ಮ ತಲೆಯೆತ್ತದೆ
‘ಚಪ್ಪಲಿ ಬಿಟ್ಟು ಬಾ’ ಅಂದಳು.

ಸಂತನೋ, ಪೇಟೆಯ ಹಮಾಲಿ ಇದ್ದ ಹಾಗಿದ್ದ.
ಬಟ್ಟೆ ಎತ್ತಿ ತೊಡೆಯ ಗಾಯಕ್ಕೆ ಬೆರಳು ತೋರುತ್ತಾನೆ,
ನೋಡು, ನನಗೂ ಬಂದಿತ್ತು ಅನ್ನುವಂತೆ.
ಕಾಲ ಬಳಿ ನಾಯಿ. ಅದರ ಬಾಯಲ್ಲಿದ್ದ ರೊಟ್ಟಿ
ಯಾವ ಕಾಲಕ್ಕೋ ಮುರಿದು
ಈಗ ಅಲ್ಲಿ ಬೇಕರಿಯ ಬನ್ನು.
‘ದಿನಾ ಒಂದು. ನಿನ್ನೆಯದು ಬೀದಿನಾಯಿಗೆ.
ತರುವವನು ಗುಜರಿ ಬಾಷಾ ಸಾಬರ ಮಗ.’

ಪ್ಲೇಗಿನ ವರ್ಷ ಊರೇ ಊರು ಬಿಟ್ಟಿತಂತೆ.
ಹೋಗಲಾಗದವರು ತಗಡಿನ ಕೆಳಗೆ ಮಲಗಿ
ಇವನನ್ನೇ ಊರು ಕಾಯುವವನೆಂದು ಕೂಗಿದರಂತೆ.
ಊರು ವಾಪಸು ಬಂತು.
ಕಾಯುವವನೊಬ್ಬ ಇದ್ದಾನೆಂದು
ಅದಕ್ಕೆ ಯಾರೂ ಹೇಳಲಿಲ್ಲ.

‘ಮೊನ್ನೆ ರೋಗ ಬಂತಲ್ಲ, ಆಗ?’
ಕೇಳಬಾರದಿತ್ತೇನೋ.
ನೂಲನ್ನು ಹಲ್ಲಲ್ಲಿ ಕಚ್ಚಿ ಹರಿದಳು.
‘ಇಬ್ಬರು ಬರ್ತಿದ್ರು. ಆಮೇಲೆ ಒಬ್ಬರು.’

ಸುಮನಹಳ್ಳಿಯ ಸಾಲು ನೆನಪಾಯಿತು,
ಆಂಬುಲೆನ್ಸಿನ ಹಿಂದೆ ಆಂಬುಲೆನ್ಸು,
ಅಪ್ಪನ ಟೋಕನ್ನು ಮೂವತ್ತೊಂದು.
ಹೇಳಲಿಲ್ಲ.
ಮೀಟರು ಎಲ್ಲಿ ಅಂತ ಕೇಳಿದೆ.

ನಾಯಿಯ ಹಿಂದೆ, ಜೇಡ ಕಟ್ಟಿದ ಡಬ್ಬಿ.
ಉರಿಯುವುದು ಒಂದೇ ಬಲ್ಬು,
ಚಕ್ರ ತಿರುಗುವುದೇ ಕಾಣದು.
ಕಣ್ಣಿಟ್ಟು ಕಾದೆ. ಎಷ್ಟೋ ಹೊತ್ತಿಗೆ
ಕೆಂಪು ಗೆರೆ ಒಮ್ಮೆ ಹಾದುಹೋಯಿತು.

‘ಇಷ್ಟು ದಿನ ಬೀಗ ಅಂತ ಬರೆದಿದ್ದಾರಲ್ಲಮ್ಮ.’
‘ಬೀಗ ಎಲ್ಲಿ ಬಂತು ಮಗಾ, ಚಿಲಕವೇ ಇಲ್ಲ.’
ಹೌದು. ಕೊಂಡಿ ಇರಬೇಕಾದಲ್ಲಿ
ಬರೀ ಎರಡು ತೂತು, ಅದರಲ್ಲಿ ಓಣಿಯ ಬೆಳಕು.

ಬಿಲ್ಲು ಹರಿದು ಕೊಟ್ಟೆ. ಓದಲಿಲ್ಲ,
ಮಡಚಿ ನಾಯಿಯ ಪಾದದಡಿ ಇಟ್ಟಳು.
ಮಶೀನಿನಲ್ಲಿ ಷರಾದ ಜಾಗ
ಖಾಲಿ ಮಿನುಗುತ್ತಲೇ ಇತ್ತು.
ಏನು ಒತ್ತಲಿ ಎಂದು ನಿಂತೆ.
ಹೊರಗೆ ಯಾರೋ ತಗಡು ಬಡಿಯುತ್ತಿದ್ದರು.
ಒಂದು ಇರುವೆ ಸಂತನ ತೊಡೆಯಿಂದಿಳಿದು,
ಗಾಯವನ್ನು ಬಳಸಿಕೊಂಡು,
ಬನ್ನಿನ ಕಡೆ ಹೊರಟಿತ್ತು.