ತಾಳೆ

ಗುತ್ತಲು ರಸ್ತೆ. ಪಂಪ್‌ಸೆಟ್ ಬಿಡಿಭಾಗದ ಅಂಗಡಿ, ಮೇಲಿನ ಅಟ್ಟ.
ಮಾರ್ಚಿ ಮೂವತ್ತು. ಫ್ಯಾನು ಅದೇ ಬಿಸಿಗಾಳಿಯನ್ನು
ದೋಸೆಯಂತೆ ಮಗುಚಿ ಮಗುಚಿ ಹಾಕುತ್ತಿದೆ.
ಒಂದೇ ಪರದೆಯಲ್ಲಿ ಎರಡು ಹಾಳೆ:
ಎಡಕ್ಕೆ ಕೌಂಟರಿನದು, ನಸ್ರುಲ್ಲಾ ಸಾಹೇಬರ ಮಗಳು ಬರೆದದ್ದು.
ಬಲಕ್ಕೆ ಗೋಡೌನಿನದು, ಜವರಯ್ಯ ಬರೆದದ್ದು.
ಸರಕು ಒಂದೇ, ಲೆಕ್ಕ ಎರಡು.
ತಾಳೆ ನೋಡಿ ಕೊಡಕ್ಕ, ಅಂದಿದ್ದಾರೆ. ನಾಳೆ ಆಡಿಟರು.

ಸೂತ್ರ ಬರೆದೆ: ಈ ಹಾಳೆಯ ಹೆಸರು ಹಿಡಿದು
ಆ ಹಾಳೆಯಲ್ಲಿ ಹುಡುಕು, ಸಿಕ್ಕರೆ
ಪಕ್ಕದ ಅಂಕಿ ತಾ.
ವಿಳಾಸ ನೋಡಿ ಕಾಗದ ಹಂಚುವಷ್ಟು ಸರಳ.
ಎಂಟುನೂರ ಹನ್ನೆರಡು ಸಾಲು ಒಂದೇ ಎಳೆತಕ್ಕೆ ಎಳೆದೆ.
ಮೇಲಿಂದ ಕೆಳಗಿನವರೆಗೆ ಉತ್ತರ
ಇಲ್ಲ. ಇಲ್ಲ. ಇಲ್ಲ. ಇಲ್ಲ.

‘ಎಲ್ಬೋ ಮುಕ್ಕಾಲಿಂಚು’ ಅವಳು,
‘ಮೊಣಕೈ ಮುಕ್ಕಾಲು’ ಇವನು.
‘ಗ್ಲ್ಯಾಂಡ್ ರೋಪ್’ ಅವಳು, ‘ಎಣ್ಣೆ ಹಗ್ಗ’ ಇವನು.
‘ರೆಡ್ಯೂಸರ್’ ಅವಳು. ಇವನು
‘ದೊಡ್ಡ ಬಾಯಿ ಸಣ್ಣ ಬಾಯಿ’.
ಯಾವುದು ಹೆಚ್ಚು ಸರಿ, ನೀವೇ ಹೇಳಿ.
ನಡುವೆ ಮೂರನೆಯ ಹಾಳೆ ತೆರೆದು, ಇದಕ್ಕೆ ಇದು ಎಂದು
ಒಂದೊಂದೇ ಕೂಡಿಸುತ್ತ ಬಂದೆ, ಸಂಬಂಧ ಕುದುರಿಸುವವಳ ಹಾಗೆ.
ತಾಳೆಯಾಗದಿದ್ದರೆ ತಾಳು, ಅನ್ನುತ್ತಿದ್ದರು
ನನಗೆ ಲೆಕ್ಕ ಕಲಿಸಿದ ಪುಟ್ಟಮಾದು ಮೇಷ್ಟ್ರು.

ತಿದ್ದಿದವು ಸರಿಹೋದವು. ತಿದ್ದಲು ಏನೂ ಇಲ್ಲದವೇ ಹಠ ಹಿಡಿದವು.
ಅಕ್ಷರಕ್ಕೆ ಅಕ್ಷರ ಒಂದೇ, ಆದರೂ
‘ಬೇರಿಂಗ್ 6203’ಕ್ಕೆ ‘ಬೇರಿಂಗ್ 6203’ರ ಗುರುತಿಲ್ಲ.
ಒಂದೇ ಬೀದಿಯವರು ಬಸ್ಸಿನಲ್ಲಿ ಪಕ್ಕಪಕ್ಕ ಕೂತು
ಮದ್ದೂರು ದಾಟಿದರೂ ಮಾತಾಡದ ಹಾಗೆ.
ಕರ್ಸರ್ ಇಟ್ಟು ನೋಡಿದೆ. ಕೊನೆಯ ಅಂಕಿ ಮುಗಿದ ಮೇಲೆ
ಅದು ಒಂದು ಹೆಜ್ಜೆ ಆಚೆ ಹೋಗಿ ನಿಂತಿತು,
ಖಾಲಿ ಜಾಗದಲ್ಲಿ.
ಒಂದು ಸ್ಪೇಸು.
ಜವರಯ್ಯನ ಪ್ರತಿ ಹೆಸರಿನ ಬಾಲಕ್ಕೂ.

ಅವನು ಒಂದೇ ಬೆರಳಲ್ಲಿ ಟೈಪು ಮಾಡುವುದನ್ನು ಕಂಡಿದ್ದೇನೆ.
ಹೆಸರು ಮುಗಿದ ಕೂಡಲೇ
ಆ ಉದ್ದನೆ ಕೀಲಿಗೆ ಒಮ್ಮೆ ಕುಟ್ಟಿ
ಉಸ್ಸಪ್ಪಾ ಅನ್ನುತ್ತಾನೆ, ಮೂಟೆ ಇಳಿಸಿದವನಂತೆ.
ಆರುನೂರ ಚಿಲ್ಲರೆ ಉಸಿರು.
ಒಂದೇ ಆಜ್ಞೆಗೆ ಎಲ್ಲ ಕತ್ತರಿಸಿದೆ.
ಸಾಲುಗಳು ಸಳಸಳ ತುಂಬಿಕೊಂಡವು, ತೂಬು ಎತ್ತಿದ ಗದ್ದೆಯಂತೆ.
ಯಾಕೋ ಸ್ವಲ್ಪ ಹೊತ್ತು ಕೈ ಮಡಿಚಿ ಕೂತೆ.

ಉಳಿದದ್ದು ಒಂದು.
ಚರ್ಮದ ವಾಷರು, ಎರಡಿಂಚು. ಗೋಡೌನಿನಲ್ಲಿ ಸೊನ್ನೆ,
ಕೌಂಟರಿನಲ್ಲಿ ಮೈನಸ್ ಮೂರು.
ಇಲ್ಲ ಅಂದರೆ ಗೊತ್ತು. ಇಲ್ಲಕ್ಕಿಂತಲೂ ಮೂರು ಕಮ್ಮಿ ಇರುವುದು
ಯಾವ ಕಪಾಟಿನಲ್ಲಿ ಇರುತ್ತದೆ?
ಟಾರ್ಚು ಹಿಡಿದು ಇಳಿದೆ.
ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಪೈಪಿನ ರಾಶಿಗೆ ಒರಗಿ ಜವರಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ.

‘ವಾಸರ್ರಾ? ಅವು ಬರಾಕ್ ಮುಂಚೇನೆ ಹೋದೊ ಕಣವ್ವ.
ನಾಲೆಗೆ ನೀರು ಬುಟ್ಟಿದ್ರು. ಹನಕೆರೆಯೋರು ಮೂರ್ ಜನ
ಪುಟ್ವಾಲು ಹಿಡ್ಕಂಡು ಬಾಗ್ಲಲ್ಲೇ ನಿಂತ್ಬುಟ್ರು.
ನನ್ ಎಡಗಾಲ್ ಮೆಟ್ಟು ಉಂಗುಷ್ಟ ಕಿತ್ತೋಗಿತ್ತಲ್ಲ,
ಅದ್ರಲ್ಲೇ ದುಂಡುಕೆ ಕುಯ್ದು ಕೊಟ್ಟೆ.
ಬಿಲ್ಲು ಅಮ್ಮಣ್ಣಿ ಹಾಕ್ತು.’

ಆಮೇಲೆ, ಬಾಯಿ ತುಂಬ ರಸ ಇಟ್ಟುಕೊಂಡು,
‘ಬಲಗಾಲಿಂದು ಹಂಗೇ ಅದೆ. ಬೇಕಾರೆ ಅದುನ್ನೂ ಲೆಕ್ಕುಕ್ ಬರ್ಕೊ.’

ಮೇಲೆ ಬಂದು ಬರೆದೆ. ಒಳಬಂದದ್ದು: ಮೂರು.
ದರದ ಕೋಣೆ ಖಾಲಿ ಬಿಡಲು ಬಿಡದು,
ಬಹಳ ಹೊತ್ತು ಮಿಟುಕುತ್ತಿತ್ತು. ಕೊನೆಗೆ ಸೊನ್ನೆ ಹಾಕಿದೆ.
ಎರಡು ಹಾಳೆ ಒಂದಾದವು.
ಕೊಟ್ಟವರು ಎಂಬಲ್ಲಿ ‘ಜವರಯ್ಯ’ ಎಂದು ಹೊಡೆದು
ಉದ್ದನೆ ಕೀಲಿಗೆ ಒಮ್ಮೆ ಕುಟ್ಟಿದೆ.

ನಾಳೆ ಆಡಿಟರು ಎಷ್ಟೇ ಹುಡುಕಲಿ,
ಯಾವ ಸೂತ್ರಕ್ಕೂ ಅವನು ಸಿಗುವುದಿಲ್ಲ.