ಸೀಳುವ ಗೆರೆ

ಮೊದಲು ತಟ್ಟಿ ಕೇಳು, ಅನ್ನುತ್ತಿದ್ದ ಇದ್ವಲ್.
ಕಂಚಿನ ಹಾಗೆ ಠಣ್ ಎಂದರೆ ಕಲ್ಲು ಗಟ್ಟಿ,
ಬೊದ್ದೆಂದರೆ ಒಳಗೆಲ್ಲೋ ಬಿರುಕು.
ವೇಲ್ಸಿನ ಆ ಗುಡ್ಡದಲ್ಲಿ ಆಗ ನನಗೆ ಹದಿನಾಲ್ಕು;
ತೊಡೆಯ ಮೇಲೆ ಗೋಣಿಪಟ್ಟಿ, ಕೈಯಲ್ಲಿ ಅಗಲ ಬಾಯಿಯ ಉಳಿ.

ಪಟ್ಟೆ ಕಂಡಲ್ಲಿ ಉಳಿಯಿಟ್ಟೆ.
ಬೂದು, ನೇರಳೆ, ಮತ್ತೆ ಬೂದು,
ಕಡಲ ತಳದಲ್ಲಿ ಕೆಸರು ಕೂತ ವರಸೆ.
ಕಲ್ಲು ಚೂರಾಯಿತು.
ಇದ್ವಲ್ ನಗಲಿಲ್ಲ:
"ಅದು ಹುಟ್ಟಿದ ಗೆರೆ. ಅಲ್ಲಿ ಸೀಳೋದಿಲ್ಲ.
ಹಿಂಡಿಸಿಕೊಂಡ ಗೆರೆ ಬೇರೆ ಇದೆ, ಹುಡುಕು."

ಎರಡು ನೆಲ ಎದುರುಬದುರಾಗಿ ಬಂದು
ನಡುವಿನ ಕಡಲು ಮುಚ್ಚಿಹೋದ ಕಾಲವಂತೆ ಅದು.
ಕೆಸರು ಕರಗಲಿಲ್ಲ. ಕರಗಿದ್ದರೆ ಬೇರೆಯೇ ಕತೆ.
ಗಟ್ಟಿಯಾಗಿದ್ದುಕೊಂಡೇ ಒಳಗೊಳಗೆ ಬೇರೆಯಾಯಿತು:
ಜೇಡಿಯೆಲ್ಲ ಅಭ್ರಕದ ಸಣ್ಣ ಹಾಳೆಯಾಗಿ
ಒತ್ತಡಕ್ಕೆ ಬೆನ್ನು ಕೊಟ್ಟು ಸಾಲಾಗಿ ಮಲಗಿತು.
"ಒಂದೇ ಹಾಸಿಗೆಯಲ್ಲಿ ನಾವು ಏಳು ಮಕ್ಕಳು," ಅಂದ ಅವನು,
"ಒಬ್ಬ ಮಗ್ಗುಲಾದರೆ ಏಳೂ ಮಗ್ಗುಲು. ಹಾಗೇ."

ನೇರಳೆ ಕಲ್ಲಲ್ಲಿ ಅಲ್ಲಲ್ಲಿ ಹಸಿರು ಬೊಟ್ಟು.
ಒಂದು ಕಾಲಕ್ಕೆ ಬಟಾಣಿಯಷ್ಟು ದುಂಡಗೆ, ಈಗ ಕಣ್ಣಿನಾಕಾರ.
ಎಷ್ಟು ಅದುಮಿತು ಎಂದು ಬೇರಾರೂ ಬರೆದಿಡಲಿಲ್ಲ.

ಅವನ ಹೆಂಡತಿ ಈಶ್ಬೆಲ್ ಸ್ಕಾಟ್ಲೆಂಡಿನವಳು,
ತವರಿನಿಂದ ತಂದದ್ದು ಕಿಟಕಿಯಲ್ಲಿಟ್ಟ ಒಂದೇ ಕಲ್ಲು.
ಮೀನಿನ ಮೈಯ ಹಾಗೆ ಮಿರುಗುವ ಶಿಸ್ಟು, ಅದರೊಳಗೆ
ಕಡುಗೆಂಪು ಗಾರ್ನೆಟ್ಟುಗಳು, ಮೆಣಸಿನ ಕಾಳಿನಷ್ಟು.
ಹೊಳೆಯ ನೀರು ಗುಂಡನ್ನು ಬಳಸಿದಂತೆ
ಅಭ್ರಕ ಅವನ್ನು ಬಳಸಿ ಬಾಗಿತ್ತು.
"ಇದೂ ಕೆಸರೇ ಮಗು," ಅಂದಳು ಚಹಾ ಬಗ್ಗಿಸುತ್ತ,
"ನಿಮ್ಮ ಕಲ್ಲಿನ ಅಕ್ಕ. ಇನ್ನೂ ಆಳದಲ್ಲಿ ಬೆಂದವಳು."
ಇದ್ವಲ್ ಗೊಣಗಿದ: "ಚಂದ ಇದೆ. ಮಾಡಿಗೆ ಬಾರದು."

ಮಾಡಿಗೆ ನಮ್ಮದೇ. ಅಳತೆಗೊಂದು ಹೆಸರು,
ರಾಣಿ, ಡಚೆಸ್, ಕೌಂಟೆಸ್.
ದಿನಕ್ಕೆ ಐನೂರು ಡಚೆಸರನ್ನು ಸೀಳಿ
ಸಂಜೆ ಮನೆಗೆ ಹೊರಟಾಗ ರೆಪ್ಪೆಯ ಮೇಲೂ ಬೂದಿ ಬಣ್ಣ.
ಧೂಳು ಒಳಗೂ ಕೂರುತ್ತಿತ್ತು, ವರಸೆ ವರಸೆ.
ಕೊನೆಗೆ ಡಾಕ್ಟರು ಅವನೆದೆಯನ್ನು ತಟ್ಟಿ ಕೇಳಿದರು.
ಸದ್ದು ನಾನೂ ಕೇಳಿದೆ.
ಅವನು ನನ್ನ ಮುಖ ನೋಡಿ, ಅಂಗಿಯ ಗುಂಡಿ ಹಾಕಿಕೊಂಡ.

ಗೋರಿಗೆ ಕಲ್ಲು ಸೀಳಿದ್ದು ನಾನೇ.
ಪಟ್ಟೆಯಿಲ್ಲದ್ದು ತೊಗೋ ಅಂದರು ಅಕ್ಷರ ಕೊರೆಯುವವರು.
ಬೇಡ ಅಂದೆ.
ಈಗ ಅವನ ಹೆಸರನ್ನು ಓರೆಯಾಗಿ ಹಾದು
ಆ ಹಳೆಯ ಕಡಲ ತಳ ಕೆಳಗಿಳಿಯುತ್ತದೆ,
ಒಣಗಿದಾಗ ಕಾಣುವುದಿಲ್ಲ,
ಮಳೆ ಬಂದು ಅರ್ಧ ಗಂಟೆಯಾಗಬೇಕು.